ಬೋರ್ಡಿನ ಜೊತೆ ಮಾತಾಡುವವರು

ನಮ್ಮ ಬೋಲ್ಟು ಮಂದಬುದ್ಧಿಯವಳಂತೆ. ಹಾಗೆಂದು ಶಾಲೆಯಿಂದ ಕಾಗದ ಬಂತು.

ಬೋಲ್ಟು ನನ್ನ ತಂಗಿಯ ಮಗಳು. ವಯಸ್ಸು ಏಳು. ಗಿಡ್ಡಗೆ, ಗಟ್ಟಿಯಾಗಿ ಇದ್ದಾಳೆ, ಕೂರಿಸಿದಲ್ಲಿ ಬಿಗಿಯಾಗಿ ಕೂರುತ್ತಾಳೆ ಎಂದು ನಾನೇ ಇಟ್ಟ ಹೆಸರು. ಕಾಗದ ಓದಿದ್ದೂ ನಾನೇ. ನಮ್ಮ ಓಣಿಯಲ್ಲಿ ಓದಲು ಬರುವ ಹೆಂಗಸರು ಇಬ್ಬರು. ಒಬ್ಬಳ ಕನ್ನಡಕ ಒಡೆದು ಆರು ತಿಂಗಳಾಯಿತು. ಹಾಗಾಗಿ ಸದ್ಯಕ್ಕೆ ನಾನೊಬ್ಬಳೇ ಪಂಡಿತೆ. ನಾಲ್ಕನೇ ಕ್ಲಾಸು.

ಹುಡುಗಿ ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಎಂದು ಬರೆದಿತ್ತು. ಬಾಯಿ ಬಿಡುವುದಿಲ್ಲ. ಎದುರಿನವರ ತುಟಿಯನ್ನೇ ದಿಟ್ಟಿಸುತ್ತಾಳೆ. ಬೆರಳ ಮೇಲೆ ಹೆಬ್ಬೆರಳು ಆಡಿಸುವ ಕೆಟ್ಟ ಚಟವಿದೆ. ಪರೀಕ್ಷೆಯಲ್ಲಿ ನೂರಕ್ಕೆ ಒಂಬತ್ತು. ಆದ್ದರಿಂದ ವಿಶೇಷ ಕೋಣೆಗೆ ಹಾಕಲಾಗುವುದು, ತಾಯಿ ಸೋಮವಾರ ಬಂದು ಹೆಬ್ಬೆಟ್ಟು ಒತ್ತತಕ್ಕದ್ದು. ಸಹಿ ಎಂದು ಬರೆದಿರಲಿಲ್ಲ. ಓಣಿಯ ವಿಳಾಸ ನೋಡಿಯೇ ಹೆಬ್ಬೆಟ್ಟು ಎಂದು ತಿಳಿದುಕೊಂಡಿದ್ದರು. ಬಲು ಜಾಣರು.

ನಮ್ಮ ಓಣಿಯಲ್ಲಿ ಡ್ರಮ್ಮು ಒಡೆಯುವ ಕೆಲಸ. ಎಣ್ಣೆ, ಬಣ್ಣ, ಅಂಟು, ಆಸಿಡ್ಡು ಖಾಲಿಯಾದ ಕಬ್ಬಿಣದ ಡ್ರಮ್ಮುಗಳು ಕಾರ್ಖಾನೆಗಳಿಂದ ಲಾರಿಯಲ್ಲಿ ಬರುತ್ತವೆ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ತಲೆ ತೆಗೆಯಬೇಕು. ಬುಡ ತೆಗೆಯಬೇಕು. ಹೊಟ್ಟೆ ಸೀಳಬೇಕು. ಬಿಚ್ಚಿದ ತಗಡಿನ ಮೇಲೆ ನಿಂತು ತುಳಿದು, ಮತ್ತೆ ಹೊಡೆದು ಹೊಡೆದು ಚಪ್ಪಟೆ ಮಾಡಬೇಕು. ಮೂವತ್ತು ಶೆಡ್ಡು, ಒಂದೊಂದರಲ್ಲಿ ಆರೇಳು ಸುತ್ತಿಗೆ, ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ. ಊರಿನ ಅರ್ಧ ಮನೆಗಳಿಗೆ ನಮ್ಮ ತಗಡೇ ಸೂರು. ಆ ಸೂರಿನ ಕೆಳಗೆ ಮಲಗುವವರಿಗೆ ನಮ್ಮ ವಾಸನೆ ಮಾತ್ರ ಆಗುವುದಿಲ್ಲ. ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆ ನನ್ನ ಬಲಗೈ ನನ್ನ ಮಾತು ಕೇಳುವುದಿಲ್ಲ. ತಂಗಿಯ ಎಡಗಿವಿ ಹೋಗಿಯೇಬಿಟ್ಟಿದೆ. ಬಲಗಿವಿ ಹೊರಟು ನಿಂತಿದೆ.

ಆ ಸದ್ದಿನಲ್ಲಿ ಬಾಯಿದ್ದೂ ಪ್ರಯೋಜನವಿಲ್ಲ. ಕೈಯಲ್ಲೇ ಮಾತಾಡುತ್ತೇವೆ, ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ಯಾರನ್ನಾದರೂ ಕರೆಯಬೇಕೆಂದರೆ ಹಿಂದಿನಿಂದ ಕೂಗುವುದಿಲ್ಲ, ಕಾಲಿನ ಹತ್ತಿರ ಸಣ್ಣ ಕಲ್ಲೊಂದನ್ನು ಎಸೆಯುತ್ತೇವೆ. ಲೆಕ್ಕ ಬೆರಳ ಗೆಣ್ಣಿನಲ್ಲಿ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಹೆಬ್ಬೆರಳಿನಿಂದ ಎಣಿಸುತ್ತಾ ಹೋದರೆ ಒಂದು ಕೈಗೆ ಹನ್ನೆರಡು. ಹನ್ನೆರಡು ತುಂಬಿದರೆ ಆ ಕೈ ಮುಷ್ಟಿ ಕಟ್ಟಿ, ಇನ್ನೊಂದು ಕೈಯಲ್ಲಿ ಮುಂದುವರಿಸುವುದು. ಕೈಯಲ್ಲೇ ಜಗಳ, ಕೈಯಲ್ಲೇ ಚಾಡಿ. ಶೆಡ್ಡಿನ ಯಜಮಾನ ಎದುರಿಗೆ ನಿಂತಿರುವಾಗಲೇ ಅವನ ಹೊಟ್ಟೆಯ ಬಗ್ಗೆ ಪೂರ್ತಿ ಚರ್ಚೆ ಮುಗಿಸುತ್ತೇವೆ. ಎಷ್ಟು ಶ್ರದ್ಧೆಯಿಂದ ದುಡಿಯುತ್ತಾರೆ ಎಂದುಕೊಂಡು ಅವನು ಹೊರಟುಹೋಗುತ್ತಾನೆ. ಸಂಜೆ ಸುತ್ತಿಗೆ ನಿಂತ ಮೇಲೆ ಬಾಯಿ ತೆರೆಯುತ್ತೇವೆ. ಆಗ ನಮ್ಮ ಮಾತು ಪಕ್ಕದ ಊರಿಗೂ ಕೇಳಿಸುತ್ತದೆ.

ಬೋಲ್ಟು ಹುಟ್ಟಿದ ಇಪ್ಪತ್ತನೇ ದಿನ ತಂಗಿ ಕೆಲಸಕ್ಕೆ ಬಂದಳು. ಉದ್ದಕ್ಕೆ ಸೀಳಿದ ಅರ್ಧ ಡ್ರಮ್ಮಿನಲ್ಲಿ ಹಳೆ ಬಟ್ಟೆ ಹಾಸಿ ಮಗುವನ್ನು ಮಲಗಿಸಿದಳು. ಸುತ್ತಿಗೆ ಹೊಡೆಯುವಷ್ಟು ಹೊತ್ತು ಮಗು ನಿದ್ದೆ ಮಾಡುತ್ತಿತ್ತು. ನಿಲ್ಲಿಸಿದರೆ ಎದ್ದು ಅಳುತ್ತಿತ್ತು. ಎರಡನೇ ವರ್ಷಕ್ಕೇ ಅವಳು ಕೈಯಲ್ಲಿ ನನ್ನನ್ನು ಬೈಯಲು ಕಲಿತಿದ್ದಳು.

ಶಾಲೆಗೆ ಹೋದ ಮೊದಲ ದಿನ ಹೆಸರು ಕೇಳಿದರು. ಬೋಲ್ಟು ಸಂಜೆಯ ದನಿಯಲ್ಲಿ ಹೇಳಿದಳು. ಟೀಚರ್ ಎರಡೂ ಕಿವಿ ಮುಚ್ಚಿಕೊಂಡು ಕಿರುಚಬಾರದು ಎಂದರು. ಹೇಳಿದ ಮಾತು ಕೇಳುವ ಹುಡುಗಿ, ಮತ್ತೆ ಕಿರುಚಲಿಲ್ಲ. ಅಂದಿನಿಂದ ಕೇಳಿದ್ದಕ್ಕೆಲ್ಲ ಕೈಯಲ್ಲಿ ಉತ್ತರ ಕೊಟ್ಟಳು. ಮೂಲೆಯ ಬೆಂಚಿನ ಕೈಯನ್ನು ಯಾರೂ ನೋಡಲಿಲ್ಲ.

ಕಾಗದ ಬಂದ ದಿನ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ.

"ಪಾಠ ಕೇಳಿದ್ರೆ ಯಾಕೆ ಸುಮ್ನೆ ಕೂರ್ತೀಯೇ?"

"ಟೀಚರ್ ಬೋರ್ಡ್ ಜೊತೆ ಮಾತಾಡ್ತಿರ್ತಾರೆ ದೊಡ್ಡಮ್ಮ. ಅದರ ಕಡೆಗೇ ತಿರುಗಿರ್ತಾರೆ. ಇಬ್ರು ಮಾತಾಡೋವಾಗ ನಡುವೆ ಬಾಯಿ ಹಾಕ್ಬಾರ್ದಲ್ವಾ?"

"ಬೋರ್ಡ್ ಏನನ್ನುತ್ತೆ?"

"ಏನೂ ಅನ್ನಲ್ಲ. ಪಾಪ, ಅದಕ್ಕೂ ಬರಲ್ಲ ಅನ್ಸುತ್ತೆ."

ನಾನು ನಕ್ಕೆ. ತಂಗಿ ನಗಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬರುವವಳಂತೆ ತುಂಬಾ ಹೊತ್ತು ನೋಡಿದಳು.

ವಿಶೇಷ ಕೋಣೆ ನಮಗೆ ಗೊತ್ತಿರುವುದೇ. ಶಾಲೆಯ ಅಂಗಳದ ಮೂಲೆಯಲ್ಲಿ, ಪಾಯಿಖಾನೆಯ ಪಕ್ಕ ಇದೆ. ಗೋಡೆಯೂ ತಗಡು, ಸೂರೂ ತಗಡು, ಎಲ್ಲಾ ನಾವೇ ಹೊಡೆದದ್ದು. ಒಳಗೆ ಹದಿನೇಳು ಮಕ್ಕಳು. ಹದಿನಾರು ಜನ ನಮ್ಮ ಓಣಿಯವರು. ಉಳಿದ ಒಬ್ಬನಿಗೆ ದೂರದ್ದು ಕಾಣುವುದಿಲ್ಲ. ಅವನಿಗೆ ಕನ್ನಡಕ ಕೊಡಿಸಿದ್ದರೆ ಸಾಕಿತ್ತು, ಕೋಣೆ ಕೊಟ್ಟರು. ಅಲ್ಲಿ ಅಕ್ಷರ ಕಲಿಸುವುದಿಲ್ಲ. ಬಣ್ಣದ ಕಾಗದ ಕತ್ತರಿಸಿ ಹೂವು ಮಾಡಿಸುತ್ತಾರೆ. ಮೂರು ವರ್ಷ ಹೂವು ಮಾಡಿದ ಮಕ್ಕಳು ಹತ್ತನೇ ವಯಸ್ಸಿಗೆ ಸೀದಾ ಓಣಿಗೆ ಬಂದು ಸುತ್ತಿಗೆ ಹಿಡಿಯುತ್ತಾರೆ. ಒಬ್ಬರೂ ಕ್ಲಾಸಿಗೆ ವಾಪಸು ಹೋದದ್ದನ್ನು ನಾನು ಕಂಡಿಲ್ಲ. ಬುದ್ಧಿ ಮಂದವಾದವರನ್ನು ಆ ಕೋಣೆಗೆ ಹಾಕುತ್ತಾರೋ, ಆ ಕೋಣೆಗೆ ಹಾಕಿದ ಮೇಲೆ ಬುದ್ಧಿ ಮಂದವಾಗುತ್ತದೋ ಎಂದು ಮಾತ್ರ ಯಾರೂ ಪರೀಕ್ಷೆ ಮಾಡಿಲ್ಲ.

ಸೋಮವಾರ ಅರ್ಧ ದಿನ ಕೆಲಸ ಬಿಟ್ಟು ಹೊರಟೆವು. ನಲ್ಲಿಯ ಕೆಳಗೆ ಕೂತು ಮೂರು ಸಲ ಸೋಪು ಹಚ್ಚಿ ತಿಕ್ಕಿಕೊಂಡೆವು. ಅಂಟಿನ ವಾಸನೆ ಹೋಗಲಿಲ್ಲ. ಶಾಲೆಯ ಗೇಟಿನವನು ನಮ್ಮನ್ನು ಕಂಡು ಮೂಗು ಮುಚ್ಚಿಕೊಂಡ. ಅವನು ಹುಟ್ಟಿದ್ದು ನಮ್ಮ ಓಣಿಯಲ್ಲೇ, ನಮ್ಮ ಹಿಂದಿನ ಶೆಡ್ಡಿನಲ್ಲೇ. ನಿನ್ನ ಮೂಗು ಯಾವಾಗಿನಿಂದ ದೊಡ್ಡ ಮನುಷ್ಯ ಆಯಿತೋ ಎಂದು ಕೈಯಲ್ಲಿ ಕೇಳಿದೆ. ಅವನು ಮೂಗು ಬಿಟ್ಟು ಗೇಟು ತೆರೆದ.

ಆಫೀಸಿನಲ್ಲಿ ಎರಡು ಖಾಲಿ ಕುರ್ಚಿಗಳಿದ್ದವು. "ಕುರ್ಚಿಗೆ ಹೊಸ ಬಟ್ಟೆ ಹಾಕ್ಸಿದೀವಿ, ನಿಂತ್ಕೊಳ್ಳಿ" ಎಂದರು ಹೆಡ್ ಮೇಡಂ. ನಿಂತೆವು. ದಿನಕ್ಕೆ ಹನ್ನೊಂದು ಗಂಟೆ ನಿಲ್ಲುವವರಿಗೆ ಅದೇನು ಕಷ್ಟವಲ್ಲ. ಆದರೂ ಅಂದು ಕಾಲು ನೋಯಿತು.

"ನಮ್ಮ ಹುಡುಗಿಗೆ ಏನಾಗಿದೆ ಮೇಡಂ?"

"ಕಿರುಚಬೇಡಿ."

"ಕಿರುಚ್ತಿಲ್ಲ, ಕೇಳ್ತಿದೀನಿ."

"ಅದನ್ನೇ ಮೆಲ್ಲಗೆ ಕೇಳಿ."

"ಇದೇ ಮೆಲ್ಲಗೆ ಮೇಡಂ."

ಪಕ್ಕದಲ್ಲಿ ಪರೀಕ್ಷೆ ಮೇಡಂ ಕೂತಿದ್ದರು. ಮಕ್ಕಳ ಬುದ್ಧಿ ಅಳೆಯಲೆಂದೇ ಬರುವವರು. ಮಗುವಿನ ಪರೀಕ್ಷೆಯನ್ನು ನಮ್ಮ ಎದುರಿಗೇ ಇನ್ನೊಂದು ಸಲ ಮಾಡಿ ಎಂದು ಹಟ ಹಿಡಿದೆ. ನಾನು ಇನ್ನೂ ಮಾತಾಡುತ್ತೇನೆ ಎಂಬ ಹೆದರಿಕೆಗೇ ಇರಬೇಕು, ಒಪ್ಪಿಕೊಂಡರು. ಬೋಲ್ಟುವನ್ನು ಕರೆಸಿ ಎದುರಿಗೆ ಕೂರಿಸಿದರು. ನಮ್ಮ ವಾಸನೆಗೆ ಕರ್ಚೀಫು ಮೂಗು ಬಾಯಿಗೆ ಅಡ್ಡ ಹಿಡಿದು ಪ್ರಶ್ನೆ ಶುರು ಮಾಡಿದರು. ಬೋಲ್ಟು ಕರ್ಚೀಫನ್ನೇ ನೋಡುತ್ತಾ ಕೂತಳು. ಅದರ ಮೇಲೆ ಎರಡು ಗುಲಾಬಿ ಹೂವಿದ್ದವು.

"ಬಟ್ಟೆ ತೆಗೀರಿ ಮೇಡಂ. ಅವಳಿಗೆ ಬಾಯಿ ಕಾಣ್ಬೇಕು" ಎಂದೆ.

"ಕೇಳಿಸ್ಕೊಳ್ಳೋಕೆ ಕಿವಿ ಬೇಕು, ನನ್ನ ಬಾಯಲ್ಲ."

"ನಿಮ್ಮಲ್ಲಿ ಹಾಗೆ."

ಕರ್ಚೀಫು ಒಲ್ಲದ ಮನಸ್ಸಿನಿಂದ ಕೆಳಗಿಳಿಯಿತು. ಒಂದು ಚಿತ್ರ ತೋರಿಸಿ ಇದೇನು ಎಂದರು. ಬೋಲ್ಟು ಒಂದು ಅಂಗೈಯಿಂದ ಇನ್ನೊಂದನ್ನು ಉದ್ದಕ್ಕೆ ಸೀಳಿ, ಮಗು ಮಲಗಿಸಿ ತೋರಿಸಿದಳು. ಅರ್ಧ ಡ್ರಮ್ಮು. ಪರೀಕ್ಷೆ ಮೇಡಂ ಸೊನ್ನೆ ಹಾಕಿದರು.

"ಅದು ಸ್ನಾನದ ತೊಟ್ಟಿ" ಎಂದರು.

"ಮಲ್ಕೊಂಡು ಸ್ನಾನ ಮಾಡ್ತೀರಾ?" ಎಂದೆ. "ಎಂಥಾ ಸೋಮಾರಿಗಳಪ್ಪಾ!"

ತಂಗಿ ನನ್ನ ಸೊಂಟಕ್ಕೆ ತಿವಿದಳು. ಪರೀಕ್ಷೆ ಮೇಡಂಗೆ ಬೇಗ ಮುಗಿಸುವ ಮನಸ್ಸಾಯಿತು. ಪುಟ ಮಗುಚಿ, ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯನ್ನೇ ಆರಿಸಿದರು. ಒಂದೊಂದು ಬುಟ್ಟಿಯಲ್ಲಿ ಏಳು ಮೊಟ್ಟೆ. ಅಂಥ ಬುಟ್ಟಿ ಮೂರು. ಎರಡು ಮೊಟ್ಟೆ ಒಡೆದುಹೋದವು. ಉಳಿದದ್ದೆಷ್ಟು?

ಬೋಲ್ಟುವಿನ ಹೆಬ್ಬೆರಳು ಓಡಿತು. ಎಡಗೈ ಮುಷ್ಟಿ ಕಟ್ಟಿತು. ಬಲಗೈಯ ಹೆಬ್ಬೆರಳು ಉಂಗುರ ಬೆರಳಿನ ಮೊದಲ ಗೆಣ್ಣಿನ ಮೇಲೆ ನಿಂತಿತು. ಎರಡೂ ಕೈಯನ್ನು ಮೇಡಂ ಎದುರಿಗೆ ಎತ್ತಿ ಹಿಡಿದಳು. ಮೇಡಂ ತಮ್ಮ ಕಾಗದ ನೋಡುತ್ತಿದ್ದರು.

"ನೋಡಿ, ಸುಮ್ನೆ ಕೂತಿದ್ದಾಳೆ. ಮತ್ತೆ ಅದೇ ಬೆರಳಾಟ" ಎಂದು ಇನ್ನೊಂದು ಸೊನ್ನೆ ಹಾಕಿದರು.

"ಉತ್ತರ ಹೇಳಾಯ್ತಲ್ಲ!"

"ಯಾರು ಹೇಳಿದ್ರು? ನೀವೇ ಏನೋ ಕೈಸನ್ನೆ ಮಾಡಿದ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಂಗಳದ ಆಚೆಯಿಂದ ಒಂದು ದನಿ ಬಂತು. ಆಫೀಸಿನ ಗಾಜು ನಡುಗಿತು.

"ಹತ್ತೊಂಬತ್ತೂ!"

ತಗಡು ಕೋಣೆಯ ಕಿಟಕಿ ಆಫೀಸಿನ ಕಿಟಕಿಗೆ ಎದುರಾಗಿದೆ. ಅಲ್ಲಿ ಸರಳು ಹಿಡಿದು ಸೈರನ್ ನಿಂತಿದ್ದಳು. ನಮ್ಮ ಓಣಿಯ ಒಂಬತ್ತು ವರ್ಷದ ಹುಡುಗಿ, ಆ ಗಂಟಲಿಗೇ ಆ ಹೆಸರು. ಅವಳ ಹಿಂದೆ ಮುಂದೆ ಮಂದಬುದ್ಧಿಯ ಮಕ್ಕಳೆಲ್ಲ ಕತ್ತರಿ ಕೆಳಗಿಟ್ಟು ಪರೀಕ್ಷೆ ನೋಡುತ್ತಾ ನಿಂತಿದ್ದರು. ಬೋಲ್ಟುವಿನ ಕೈ ಅಷ್ಟು ದೂರದಿಂದ ಅವರಿಗೆ ಕಂಡಿತ್ತು. ಒಂದು ಮೇಜಿನಾಚೆ ಇದ್ದವರಿಗೆ ಕಾಣಲಿಲ್ಲ.

ಪರೀಕ್ಷೆ ಮೇಡಂ ಕಾಗದದ ಹಿಂಬದಿ ತಿರುಗಿಸಿ ಉತ್ತರ ಹುಡುಕಿದರು. ಹತ್ತೊಂಬತ್ತೇ ಇತ್ತು. ಅವರ ಮುಖ ಸಣ್ಣದಾಯಿತು. ಹೆಡ್ ಮೇಡಂ ಎದ್ದು ಹೋಗಿ ಕಿಟಕಿ ಮುಚ್ಚಿದರು.

ಮುಚ್ಚಿ ಬಂದು ಮೆತ್ತಗೆ ಮಾತಾಡಿದರು. "ನೋಡಿಮ್ಮಾ, ಬುದ್ಧಿ ಇಲ್ಲ ಅಂತ ನಾನು ಹೇಳಲ್ಲ. ಮಗುದೇನೂ ತಪ್ಪಿಲ್ಲ. ಬೆಳೆಯೋ ಜಾಗ ಹಾಗಿದೆ. ಆ ಸದ್ದು, ಆ ಕೊಳಕು, ಅದರಲ್ಲಿ ಕಲಿಯೋ ಶಕ್ತಿ ಹೇಗೆ ಬರುತ್ತೆ ಹೇಳಿ? ಕ್ಲಾಸಲ್ಲಿ ನಲವತ್ತು ಮಕ್ಕಳಿದ್ದಾರೆ. ಒಬ್ಬಳ ಕೈ ನೋಡ್ತಾ ಕೂರೋಕಾಗುತ್ತಾ? ಅಲ್ಲಿ ಅವಳ ಥರದವರೇ ಇರ್ತಾರೆ. ಅವಳಿಗೂ ನೆಮ್ಮದಿ."

ಬೈಗುಳಕ್ಕೆ ನಾನು ಬಗ್ಗುವವಳಲ್ಲ. ಮೆತ್ತಗಿನ ಮಾತಿಗೆ ಮಾತ್ರ ಬೇಗ ಕರಗುತ್ತೇನೆ, ಅಭ್ಯಾಸವಿಲ್ಲ ನೋಡಿ. ಅವರು ಮಸಿಯ ಡಬ್ಬಿಯ ಮುಚ್ಚಳ ತೆಗೆದು ತಂಗಿಯ ಮುಂದಿಟ್ಟರು. ಒತ್ತಿಬಿಡು, ನಮ್ಮ ಮಕ್ಕಳೇ ಇದ್ದಾರಲ್ಲ, ಆಮೇಲೆ ನೋಡೋಣ ಎಂದು ನಾನು ಕೈಯಲ್ಲಿ ಹೇಳಿದೆ. ಹೌದು, ನಾನೇ ಹೇಳಿದೆ.

ತಂಗಿ ಡಬ್ಬಿ ನೋಡಲಿಲ್ಲ. ನನ್ನನ್ನು ನೋಡಿದಳು. ಅವಳು ಬಾಯಿ ಬಿಟ್ಟು ಮಾತಾಡುವುದು ಅಪರೂಪ. ತನ್ನ ದನಿ ತನಗೇ ಕೇಳಿಸದವಳು, ಎಷ್ಟು ಎತ್ತರಕ್ಕೆ ಹೇಳಬೇಕೆಂದು ತಿಳಿಯದೆ ಮೆಲ್ಲಗೆ ಹೇಳಿದಳು.

"ಅಕ್ಕ, ನನ್ನನ್ನೂ ಹೀಗೇ ಅಂದ್ರಿ."

ಎಂಟು ವರ್ಷದವರೆಗೆ ನಾನು ಅಜ್ಜಿಯ ಮನೆಯಲ್ಲಿ ಬೆಳೆದೆ. ಅಲ್ಲಿ ಸುತ್ತಿಗೆಯಿರಲಿಲ್ಲ. ಅಜ್ಜಿ ಬೆಳಗಿನಿಂದ ಸಂಜೆಯವರೆಗೆ ನನ್ನ ಜೊತೆ ಮಾತಾಡುತ್ತಿದ್ದಳು. ತಂಗಿ ಬೆಳೆದದ್ದು ಶೆಡ್ಡಿನಲ್ಲಿ, ಅಮ್ಮನ ಕಾಲ ಬುಡದಲ್ಲಿ. ನಾನು ಓಣಿಗೆ ಬಂದಾಗ ಅವಳಿಗೆ ಆರು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಬಾಯನ್ನೇ ನೋಡುತ್ತಿದ್ದಳು. ಅಮ್ಮಾ, ಇದು ಪೆದ್ದಿ ಎಂದು ಮೊದಲು ಹೇಳಿದವಳು ನಾನು. ಇಬ್ಬರಲ್ಲಿ ಒಬ್ಬಳನ್ನು ಶಾಲೆಗೆ ಕಳಿಸಬಹುದಿತ್ತು. ಜಾಣೆಯನ್ನು ಕಳಿಸಿದರು. ಪೆದ್ದಿಯ ಕೈಗೆ ಸುತ್ತಿಗೆ ಕೊಟ್ಟರು. ಒಂದೇ ಅಪ್ಪ, ಒಂದೇ ಅಮ್ಮ, ಬೆಳೆದ ಮನೆ ಮಾತ್ರ ಬೇರೆ. ಇಷ್ಟು ವರ್ಷ ಅವಳು ಅದನ್ನು ಬಾಯಲ್ಲೂ ಹೇಳಿರಲಿಲ್ಲ, ಕೈಯಲ್ಲೂ ಹೇಳಿರಲಿಲ್ಲ. ಕಾಗದ ಓದುವಾಗಲೂ ನನಗದು ನೆನಪಾಗಲಿಲ್ಲ. ಅಂದವರಿಗೆ ಮರೆತುಹೋಗುತ್ತದೆ.

ತಂಗಿ ಮಸಿಯ ಡಬ್ಬಿಯ ಮುಚ್ಚಳ ಮುಚ್ಚಿದಳು. ಹೆಡ್ ಮೇಡಂ ಕಡೆಗೆ ತಳ್ಳಿದಳು.

"ಒತ್ತಲ್ಲ."

"ಏನಂದ್ರಿ?"

"ಇವಳು ಮೊದಲ ಬೆಂಚಲ್ಲಿ ಕೂರ್ಬೇಕು. ಟೀಚರ್ ಇವಳ ಕಡೆ ತಿರುಗಿ ಪಾಠ ಹೇಳ್ಬೇಕು. ಕೈ ನೋಡ್ಬೇಕು. ಅಷ್ಟೇ."

"ಆಗಲ್ಲ ಅಂದ್ರೆ?"

"ನಾನೂ ಕೂರ್ತೀನಿ."

ತಮಾಷೆ ಎಂದುಕೊಂಡರು. ತಂಗಿ ಮಗಳ ಕೈ ಹಿಡಿದು ಎರಡನೇ ಕ್ಲಾಸಿಗೆ ಹೋಗಿ ಮೊದಲ ಬೆಂಚಿನಲ್ಲಿ ಕೂತೇಬಿಟ್ಟಳು. ಮೂರು ಮಕ್ಕಳ ಬೆಂಚು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಕ್ಲಾಸ್ ಟೀಚರ್ ಚಿಕ್ಕ ವಯಸ್ಸಿನವರು, ಏನು ಮಾಡಬೇಕೆಂದು ತೋಚದೆ ಬೋರ್ಡಿನ ಕಡೆ ತಿರುಗಿ ಪಾಠ ಶುರು ಮಾಡಿದರು. ತಂಗಿ ನೆಲದಲ್ಲಿ ಬಿದ್ದಿದ್ದ ಸೀಮೆಸುಣ್ಣದ ಚೂರೊಂದನ್ನು ಎತ್ತಿ ಅವರ ಕಾಲಿನ ಹತ್ತಿರ ಎಸೆದಳು. ಟೀಚರ್ ಹಾರಿ ತಿರುಗಿದರು. ತಂಗಿ ವಿನಯದಿಂದ ತಲೆಯಾಡಿಸಿದಳು. ಮತ್ತೆ ಬೋರ್ಡು, ಮತ್ತೆ ಚೂರು. ಸುತ್ತಿಗೆ ಹಿಡಿದ ಕೈ, ಗುರಿ ತಪ್ಪುವುದಿಲ್ಲ. ಸಂಜೆಯ ಹೊತ್ತಿಗೆ ಟೀಚರ್ ಬರೆಯುವುದಕ್ಕೆ ಮಾತ್ರ ಬೋರ್ಡಿನ ಕಡೆ ತಿರುಗುತ್ತಿದ್ದರು, ಮಾತಾಡಲು ಮಕ್ಕಳ ಕಡೆ.

ಹೆಡ್ ಮೇಡಂ ಬಾಗಿಲಲ್ಲಿ ನಿಂತು ಹೊರಗೆ ನಡೀರಿ ಎಂದು ಅರಚಿದರು. ತಂಗಿಯ ಬೆನ್ನು ಅವರ ಕಡೆಗಿತ್ತು. ನಿಜವಾಗಿಯೂ ಕೇಳಿಸಲಿಲ್ಲ. ಗೇಟಿನವನನ್ನು ಕಳಿಸಿದರು. ಎಳೆಯದಿದ್ದರೆ ನನ್ನ ಕೆಲಸ ಹೋಗುತ್ತದೆ ಅಕ್ಕ ಎಂದು ಅವನು ಕೈಯಲ್ಲಿ ಹೇಳಿದ. ಎಳೆದ ಹಾಗೆ ಮಾಡು ಎಂದಳು. ಅವನು ರಟ್ಟೆ ಹಿಡಿದು, ಹಲ್ಲು ಕಚ್ಚಿ, ಬೆವರು ಸುರಿಸಿ ಎಳೆದ ಹಾಗೆ ಮಾಡಿದ. ಡ್ರಮ್ಮು ಒಡೆಯುವ ಹೆಂಗಸು ಮೇಡಂ, ಅಲುಗಾಡುವುದಿಲ್ಲ ಎಂದು ವರದಿ ಕೊಟ್ಟ. ಆ ದಿನ ಅವನ ಮೂಗಿನ ವಿಷಯವನ್ನು ನಾನು ಕ್ಷಮಿಸಿದೆ.

ಮಂಗಳವಾರ ಬಂದಳು, ಬುಧವಾರ ಬಂದಳು. ಅವಳ ಪಾಲಿನ ಡ್ರಮ್ಮುಗಳನ್ನೂ ನಾನೇ ಒಡೆದೆ. ಅಂಗೈಯ ಗುಳ್ಳೆ ಒಡೆದು ಸುತ್ತಿಗೆಯ ಹಿಡಿಗೆ ಅಂಟಿಕೊಂಡಿತು. ಬುಧವಾರ ಸಂಜೆ ಯಜಮಾನ ಬಂದು, "ನಿನ್ನ ತಂಗಿ ನಾಳೆ ಮಧ್ಯಾಹ್ನ ಎರಡರೊಳಗೆ ಬರದಿದ್ರೆ ಇನ್ನು ಬರೋದೇ ಬೇಡ. ನೀನೂ ಹಿಂದೆ ಹೋದ್ರೆ ನಿ‌ನಗೂ ಅಷ್ಟೇ" ಎಂದ. ಅವನ ಹೊಟ್ಟೆಯ ಬಗ್ಗೆ ಚರ್ಚೆ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಶಾಲೆಗೆ ಹೋದೆ. ಅವಳನ್ನು ಎಬ್ಬಿಸಿಕೊಂಡು ಬರಬೇಕೆಂದೇ ಹೋದೆ. ಕ್ಲಾಸಿನಲ್ಲಿ ಲೆಕ್ಕದ ಪಾಠ. ಟೀಚರ್ ಪ್ರಶ್ನೆ ಕೇಳಿದರು. ಮೊದಲ ಬೆಂಚಿನಲ್ಲಿ ಎರಡು ಹೆಬ್ಬೆರಳು ಒಟ್ಟಿಗೆ ಓಡಿದವು, ಸಣ್ಣದೊಂದು, ದೊಡ್ಡದೊಂದು. ದೊಡ್ಡದು ಮೊದಲು ನಿಂತಿತು. ಟೀಚರ್ ಇಬ್ಬರ ಕೈಯನ್ನೂ ನೋಡಿ, ಗೆಣ್ಣು ಎಣಿಸಿ, "ಸರಿ. ಇಬ್ಬರದ್ದೂ ಸರಿ" ಎಂದರು. ಚಿಕ್ಕಂದಿನಲ್ಲಿ ಶಾಲೆಯ ಮೆಟ್ಟಿಲೇ ಹತ್ತದ ನನ್ನ ತಂಗಿ ಕೂಸಿನ ಹಾಗೆ ನಕ್ಕಳು. ಬಾಗಿಲಲ್ಲಿ ನಿಂತು ಅದನ್ನು ನೋಡುವುದು ನನಗೆ ಕಷ್ಟವಾಯಿತು.

ಅಷ್ಟರಲ್ಲಿ ಹೆಡ್ ಮೇಡಂ ಬಂದರು. ಈ ಸಲ ಎದುರಿಗೆ ಹೋಗಿ ನಿಂತು, ತುಟಿ ಬಿಡಿಸಿ ಹೇಳಿದರು. ಅಷ್ಟು ಕಲಿತಿದ್ದರು.

"ಸರಿ. ನಿಮ್ಮ ಹುಡುಗಿ ಇಲ್ಲೇ ಇರ್ಲಿ. ಮೊದಲ ಬೆಂಚೇ. ಸಮಾಧಾನನಾ? ಇನ್ನಾದ್ರೂ ಏಳಿ."

ಬೋಲ್ಟು ಅಮ್ಮನ ಮುಖ ನೋಡಿದಳು. ತಂಗಿ ಅಂಗಳದಾಚೆಯ ತಗಡು ಕೋಣೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

"ಅವರು?"

"ಅವರದ್ದು ಬೇರೆ ವಿಷಯ."

"ಬೇರೆ ಅಲ್ಲ" ಎಂದಳು ತಂಗಿ. "ಅವರೂ ಕ್ಲಾಸಿಗೆ ಬರ್ಲಿ. ಆಮೇಲೆ ಏಳ್ತೀನಿ."

ಹೆಡ್ ಮೇಡಂ ನನ್ನ ಕಡೆ ತಿರುಗಿದರು. "ನೀವಾದ್ರೂ ಹೇಳಿ. ಓದಿದವರು ನೀವು."

ಎರಡು ಗಂಟೆಯೊಳಗೆ ಶೆಡ್ಡಿಗೆ ಹೋದರೆ ಇಬ್ಬರ ಕೆಲಸವೂ ಉಳಿಯುತ್ತಿತ್ತು. ನಾನು ಊಟದ ಡಬ್ಬಿ ಬಾಗಿಲ ಬಳಿ ಇಟ್ಟೆ. ಹೆಡ್ ಮೇಡಂ ಪಕ್ಕದಿಂದ ಒಳಗೆ ನಡೆದೆ. ಸರ್ಕೋ ಎಂದು ಕೈ ಮಾಡಿದೆ. ತಂಗಿ ಮಗಳನ್ನು ಒತ್ತಿಕೊಂಡು ಸರಿದಳು. ಬೆಂಚು ಕಿರುಗುಟ್ಟಿತು.

ತಪ್ಪಾಯಿತು ಎಂದು ಕೈಯಲ್ಲಿ ಹೇಳಬೇಕೆಂದಿದ್ದೆ. ಗುಳ್ಳೆ ಒಡೆದ ಅಂಗೈ ಮಡಚಲಾಗಲಿಲ್ಲ, ಮಾತು ಬಾಯಲ್ಲೇ ಬಂತು.

"ತಪ್ಪಾಯ್ತು ಕಣೇ!"

ಸಂಜೆಯ ದನಿಯಲ್ಲೇ ಬಂತು. ನಲವತ್ತು ಮಕ್ಕಳು ತಿರುಗಿ ನೋಡಿದರು. ಹೆಡ್ ಮೇಡಂ ಕಿವಿ ಮುಚ್ಚಿಕೊಂಡರು. ತಗಡು ಕೋಣೆಯ ಕಿಟಕಿಯಲ್ಲಿ ಮುಖಗಳು ಗುಂಪುಗೂಡಿದವು. ತಂಗಿ ಮಾತ್ರ ನನ್ನ ಕಡೆ ಪೂರ್ತಿ ತಿರುಗಲಿಲ್ಲ. ಅವಳ ಕಣ್ಣು ಟೀಚರ್ ಮುಖದ ಮೇಲಿತ್ತು. ಒಂದು ಬೆರಳನ್ನು ತುಟಿಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ನನಗೆ ಹೇಳಿದಳು.

ಆಮೇಲೆ. ಪಾಠ ನಡೀತಿದೆ.